ಸೈನಿಕ ಹೆದರುವುದಿಲ್ಲ ಅಂತ ಕೆಂಪು ಶಾಯಿಯಲ್ಲಿ ಬರೆದವರಿಗೆ

ಮಾನ್ಯ ತೀರ್ಪುಗಾರರೇ,

ನಮಸ್ಕಾರ. ನನ್ನ ಪರಿಚಯ ನಿಮಗಿಲ್ಲ. ಕಾರ್ಗಿಲ್ ವಿಜಯ ದಿವಸದ ಹೆಸರಲ್ಲಿ ದಾವಣಗೆರೆಯಲ್ಲಿ ಪಿಯುಸಿ ಮಕ್ಕಳಿಗೆ ಕಥಾ ಸ್ಪರ್ಧೆ ಇಟ್ಟಿದ್ದಿರಲ್ಲ, ಅದರಲ್ಲಿ ನೀವು ವಾಪಸ್ ಕೊಟ್ಟ ಒಂದು ಕಥೆಯ ವಿಷಯ ಇದು. ನಿಮ್ಮ ಸಂಸ್ಥೆಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ನಿಮ್ಮ ಮೂವರ ಹೆಸರನ್ನೂ ಬರೆಯುವುದಿಲ್ಲ. ಜಗಳ ಆಡಬೇಕು ಅನ್ನಿಸಿದ್ದರೆ ನೇರ ಬಾಗಿಲಿಗೇ ಬರುತ್ತಿದ್ದೆ. ಹತ್ತು ಜನ ಓದುವ ಕಡೆ ಬರೆಯುತ್ತಿರುವುದು ಯಾಕೆ ಅಂದರೆ, ಆ ಕಥೆಯ ಮೇಲೆ ನೀವು ಬರೆದ ಮಾತನ್ನು ಬೇರೆ ಬೇರೆ ಬಾಯಲ್ಲಿ ನಾನು ಇಪ್ಪತ್ತೈದು ವರ್ಷದಿಂದ ಕೇಳುತ್ತಲೇ ಇದ್ದೇನೆ.

ಕಥೆ ಬರೆದವಳು ನಮ್ಮ ಬೀದಿಯ ಹುಡುಗಿ. ಸೆಕೆಂಡ್ ಪಿಯುಸಿ. ನನ್ನನ್ನು ಮಾಮ ಅನ್ನುತ್ತಾಳೆ. ಅವಳ ಅಣ್ಣ ಅಗ್ನಿವೀರ, ಜಮ್ಮು ಕಡೆ ಇದ್ದಾನೆ. 2025ರ ಮೇ 7ರಿಂದ 10ರವರೆಗೆ ಟಿವಿ ತುಂಬಾ ಗಡಿ, ಶೆಲ್ಲು, ಡ್ರೋನು ಅಂತ ಅದೇ ಇತ್ತಲ್ಲ, ಆ ನಾಲ್ಕು ದಿನ ಅವನ ಫೋನು ಸ್ವಿಚ್ ಆಫ್. ಅವರಮ್ಮ ಒಲೆ ಹಚ್ಚಲಿಲ್ಲ. ನಮ್ಮನೆಯಿಂದಲೇ ಅನ್ನ ಸಾರು ಹೋಯಿತು. ಐದನೇ ದಿನ ಫೋನ್ ಬಂತು. "ಎಲ್ಲಾ ಆರಾಮ, ಊಟ ಆಯ್ತು, ಇಡ್ತೀನಿ" ಅಂದ. ಅಷ್ಟೇ. ಅವರಮ್ಮನಿಗೆ ಅಷ್ಟು ಸಾಕಾಯಿತು, ತಂಗಿಗೆ ಸಾಲಲಿಲ್ಲ. ಒಂದು ವಾರ ಬಿಟ್ಟು ನನ್ನ ಹತ್ತಿರ ಬಂದು ಕೂತಳು. "ಮಾಮ, ಶೆಲ್ ಬೀಳುವಾಗ ನಿಜವಾಗ್ಲೂ ಏನಾಗುತ್ತೆ?" ಅಂತ ಕೇಳಿದಳು.

ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಎಷ್ಟು ಜನರನ್ನು ಹೊಡೆದಿರಿ ಅಂತ ಕೇಳಿದವರಿದ್ದಾರೆ. ರಮ್ ಕೋಟಾ ಈಗಲೂ ಸಿಗುತ್ತಾ ಅಂತ ಕೇಳಿದವರು ಅದಕ್ಕಿಂತ ಜಾಸ್ತಿ.

ಅವಳು ಬರೆದ ಕಥೆ ಇಷ್ಟು. ಚಳ್ಳಕೆರೆ ಕಡೆಯ ಇಪ್ಪತ್ತು ವರ್ಷದ ಹುಡುಗ. ಚಿಕ್ಕವನಿದ್ದಾಗ ಶೇಂಗಾ ಹೊಲದಲ್ಲಿ ನಿಂತು, ಅಲ್ಲಿನ ಹುಲ್ಲುಗಾವಲಿನಿಂದ ರಕ್ಷಣಾ ಸಂಶೋಧನೆಯ ಡಿಆರ್‌ಡಿಒದವರು ಹಾರಿಸುತ್ತಿದ್ದ ಡ್ರೋನಿನ ಗುಂಯ್ ಸದ್ದು ಕೇಳಿ ಮೇಲೆ ನೋಡಿ ಕೈ ಬೀಸುತ್ತಿದ್ದವನು. 2023ರ ಆಗಸ್ಟ್‌ನಲ್ಲಿ ಹಿರಿಯೂರು ತಾಲೂಕಿನ ಹೊಲದಲ್ಲಿ ಒಂದು ಡ್ರೋನ್ ಬಿದ್ದಾಗ ಬೈಕ್ ಹತ್ತಿ ನೋಡಲು ಓಡಿದವನು. ಅದೇ ಹುಡುಗ ಈಗ ಗಡಿಯ ಬಂಕರ್‌ನಲ್ಲಿ ಕೂತಿದ್ದಾನೆ, ಅದೇ ಸದ್ದು ಕೇಳಿಸುತ್ತಿದೆ, ಈ ಸಲ ಮೇಲೆ ನೋಡಲು ಧೈರ್ಯ ಇಲ್ಲ. ಆಮೇಲೆ ಶೆಲ್ ಬೀಳುತ್ತವೆ. ಹುಡುಗ "ಯವ್ವಾ" ಅಂತ ಕೂಗಿಕೊಳ್ಳುತ್ತಾನೆ. ಪ್ಯಾಂಟು ಒದ್ದೆಯಾಗುತ್ತದೆ. ಪಕ್ಕದಲ್ಲಿದ್ದ ಬಿಹಾರದ ಹುಡುಗ ಅವನ ಕೊರಳಪಟ್ಟಿ ಹಿಡಿದುಕೊಂಡು ಕೂರುತ್ತಾನೆ. ಸ್ವಲ್ಪ ಹೊತ್ತಿಗೆ ಆರ್ಡರ್ ಬರುತ್ತದೆ, ಇಬ್ಬರೂ ಎದ್ದು ತಮ್ಮ ಕೆಲಸ ಮಾಡುತ್ತಾರೆ. ಬೆಳಿಗ್ಗೆ ಅವನು ಪ್ಯಾಂಟು ತೊಳೆಯುತ್ತಾನೆ. ಊರಿಗೆ ಫೋನ್ ಮಾಡಿ, ಎಲ್ಲಾ ಆರಾಮ ಅನ್ನುತ್ತಾನೆ. ಮುಗಿಯಿತು.

ಒಂಬತ್ತು ಹಾಳೆ, ಗುಂಡು ಗುಂಡು ಅಕ್ಷರ. ಮೂರು ಕಡೆ ನಿಮ್ಮ ಕೆಂಪು ಶಾಯಿ. ಯವ್ವಾ ಅನ್ನುವ ಕಡೆ "ಭಾರತೀಯ ಸೈನಿಕ ಹೀಗೆ ಹೆದರುವುದಿಲ್ಲ". ಪ್ಯಾಂಟಿನ ಕಡೆ "ಈ ಅಸಹ್ಯ ಬೇಕಿತ್ತೇ?". ಕೊನೆಯ ಹಾಳೆಯ ಕೆಳಗೆ "ಸೇನೆಗೆ ಅವಮಾನ. ಪರಿಗಣಿಸಿಲ್ಲ".

ಸರ್, ಆ ಪ್ಯಾಂಟು ನನ್ನದು.

ನಾನು ಹೊಳಲ್ಕೆರೆ ತಾಲೂಕಿನ ಹಳ್ಳಿಯವನು. 1997ರ ಶುರುವಿನಲ್ಲಿ ಭರ್ತಿಯಾದೆ, ಹದಿನೆಂಟು ತುಂಬಿತ್ತು. ಆಗ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯೊಳಗೇ ಇತ್ತು, ನಾನು ನಾಸಿಕ್ ರೋಡಿನ ತೋಪ್‌ಖಾನೆ, ಅಂದರೆ ಫಿರಂಗಿ ದಳದ, ಸೆಂಟರಿನಲ್ಲಿ ಟ್ರೈನಿಂಗ್ ಮುಗಿಸುವಷ್ಟರಲ್ಲಿ ಬೇರೆ ಜಿಲ್ಲೆ ಆಗಿತ್ತು. ಹವಾಲ್ದಾರ್ ಆಗಿ ರಿಟೈರ್ ಆದೆ. ಈಗ ಇಲ್ಲಿ ಒಂದು ಮೆಕ್ಕೆಜೋಳದ ಗೋದಾಮಿನಲ್ಲಿ ರಾತ್ರಿ ಪಾಳಿ ಸೆಕ್ಯೂರಿಟಿ. ರೆಜಿಮೆಂಟಿನ ಹೆಸರು ಬರೆಯುವುದಿಲ್ಲ, ಆ ರಾತ್ರಿ ಜೊತೆಗಿದ್ದವರ ಹೆಸರೂ ಬರೆಯುವುದಿಲ್ಲ. ಅದು ಅವರದ್ದು.

1999ರ ಜೂನ್ ಮೊದಲ ವಾರ. ದ್ರಾಸ್ ಹತ್ತಿರ ಹೈವೇ ಪಕ್ಕದಲ್ಲಿ ನಮ್ಮ ಬೋಫೋರ್ಸ್ ತೋಪುಗಳು. ತೋಲೋಲಿಂಗ್ ಬೆಟ್ಟ ಇನ್ನೂ ಪಾಕಿಸ್ತಾನದವರ ಕೈಯಲ್ಲಿತ್ತು. ಅಲ್ಲಿ ಮೇಲೆ ಕೂತವನಿಗೆ ಕೆಳಗಿನ ರಸ್ತೆ ಅಂಗೈ ಮೇಲಿನ ಗೆರೆಯ ಹಾಗೆ ಕಾಣುತ್ತದೆ. ಅದಕ್ಕೇ ನಮ್ಮ ಲಾರಿಗಳು ರಾತ್ರಿ ಲೈಟ್ ಆರಿಸಿಕೊಂಡು ಓಡುತ್ತಿದ್ದವು, ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಪ್ರಪಾತ, ಆ ಡ್ರೈವರುಗಳ ಬಗ್ಗೆ ಯಾರೂ ಒಂದು ಕಥೆ ಬರೆದಿದ್ದು ನಾನು ನೋಡಿಲ್ಲ. ಅಲ್ಲಿ ಟ್ರೆಂಚ್ ತೋಡಲು ಮಣ್ಣೇ ಇಲ್ಲ, ಬರೀ ಬಂಡೆ. ಕಲ್ಲು ಪೇರಿಸಿ ಸಂಗರ್ ಕಟ್ಟಿಕೊಳ್ಳಬೇಕು. ನಮ್ಮ ಕಡೆ ಹೊಲಕ್ಕೆ ಕಲ್ಲಿನ ಬದು ಕಟ್ಟುತ್ತೇವಲ್ಲ, ಹಾಗೇ. ನಾನು ಚೆನ್ನಾಗಿ ಕಟ್ಟುತ್ತಿದ್ದೆ, ಅದರಲ್ಲಿ ನನಗೆ ಹೆಸರಿತ್ತು.

ಆ ರಾತ್ರಿ ಅವರ ಶೆಲ್ಲುಗಳು ನಮ್ಮ ಮೇಲೇ ಬಂದವು. ನಾವು ಹೊಡೆಯುವ ಸದ್ದಿಗೆ ಕಿವಿ ಹೊಂದಿಕೊಂಡಿತ್ತು. ನಮ್ಮ ಕಡೆ ಬರುವುದರ ಸದ್ದು ಬೇರೆ. ಮೊದಲು ಬಟ್ಟೆ ಹರಿದಂಥ ಸದ್ದು, ಆಮೇಲೆ ನೆಲವೇ ಎದ್ದು ಎದೆಗೆ ಗುದ್ದಿದ ಹಾಗೆ. ಕಲ್ಲಿನ ಜಾಗ ಆದ್ದರಿಂದ ಶೆಲ್ಲಿನ ಚೂರಿನ ಜೊತೆ ಬಂಡೆಯ ಚೂರೂ ಹಾರುತ್ತದೆ. ನಾನು ಸಂಗರ್‌ನ ಮೂಲೆಯಲ್ಲಿ ಮೊಣಕಾಲಿಗೆ ಮುಖ ಒತ್ತಿಕೊಂಡು ಕೂತಿದ್ದೆ. ಪಕ್ಕದಲ್ಲಿ ಬಿಹಾರದ ಆರಾ ಕಡೆಯ ಹುಡುಗ, ನನಗಿಂತ ಒಂದು ವರ್ಷ ದೊಡ್ಡವನು. ಹನುಮಾನ್ ಚಾಲೀಸ ಹೇಳುತ್ತಿದ್ದ, ಎರಡು ಸಾಲಿಗೆ ಮರೆತುಹೋಗುತ್ತಿತ್ತು, ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದ. ನಾನು ಯವ್ವಾ ಯವ್ವಾ ಅಂತಿದ್ದೆನಂತೆ. ಅವನೇ ಆಮೇಲೆ ಹೇಳಿದ್ದು. ಎರಡು ವರ್ಷದಿಂದ ಬ್ಯಾರಕ್‌ನಲ್ಲಿ ಹಿಂದಿ ಬಿಟ್ಟು ಬೇರೆ ಮಾತಾಡಿರಲಿಲ್ಲ ನಾನು, ಬೈಗುಳ ಕೂಡ ಹಿಂದಿಯಲ್ಲೇ ಬರುತ್ತಿತ್ತು. ಹೆದರಿಕೆ ಮಾತ್ರ ಸೀದಾ ಹೊಳಲ್ಕೆರೆಯಿಂದ ಬಂತು. ಯವ್ವಾ ಅಂದರೇನು ಅಂತ ಆ ಹುಡುಗ ಬೆಳಿಗ್ಗೆ ಕೇಳಿದ. ನಮ್ಮ ದೇವರ ಹೆಸರು ಅಂದೆ.

ಪ್ಯಾಂಟು ಯಾವಾಗ ಒದ್ದೆಯಾಯಿತು ಅಂತ ನನಗೆ ಗೊತ್ತಾಗಲಿಲ್ಲ. ಬಿಸಿ ಆಗಿದ್ದು ಗೊತ್ತಾಗಲಿಲ್ಲ, ತಣ್ಣಗಾದ ಮೇಲೆ ಗೊತ್ತಾಯಿತು.

ಎಷ್ಟು ಹೊತ್ತು ಅಂತ ಹೇಳಲಾರೆ. ಅವರ ಶೆಲ್ಲು ಸ್ವಲ್ಪ ಆ ಕಡೆ ಸರಿದವು. ನಮ್ಮ ತೋಪಿನ ಹವಾಲ್ದಾರ್ ಉಸ್ತಾದ್ ಕೂಗಿದರು. ಎದ್ದು ಓಡಿದೆ. ಒಂದೊಂದು ಗೋಲಾ, ಅಂದರೆ ತೋಪಿನ ಶೆಲ್ಲು, 43 ಕೆಜಿ ಹತ್ತಿರ ತೂಗುತ್ತದೆ, ಆಗ ನಾನು ಐವತ್ತಾರು ಕೆಜಿ ಇದ್ದೆ. ಬೆಳಗಿನ ಜಾವದವರೆಗೂ ಗೋಲಾ ಹೊತ್ತೆ. ಒದ್ದೆ ಪ್ಯಾಂಟು ತೊಡೆಗೆ ಐಸಿನ ಹಾಗೆ ಅಂಟಿಕೊಂಡೇ ಇತ್ತು. ಅದು ಅಲ್ಲೇ ಒಣಗಿತು. ಬಲಗಿವಿ ಹಾಳಾಗಲು ಶುರುವಾಗಿದ್ದು ಆ ವಾರದಲ್ಲೇ, ಕಿವಿಗೆ ತುರುಕಿದ ಹತ್ತಿ ಯಾವುದಕ್ಕೂ ಸಾಲುತ್ತಿರಲಿಲ್ಲ. ಕಾರ್ಗಿಲ್‌ನಲ್ಲಿ ನಮ್ಮ ತೋಪ್‌ಖಾನೆ ಹಾರಿಸಿದ ಶೆಲ್, ರಾಕೆಟ್, ಬಾಂಬುಗಳ ಲೆಕ್ಕ 2,50,000ದ ಆಸುಪಾಸು ಅಂತಾರೆ. ಅದರಲ್ಲಿ ನಾನು ಎತ್ತಿಕೊಟ್ಟವು ಎಷ್ಟೋ, ಎಣಿಸಿಲ್ಲ. ಬೆಳಕಾದ ಮೇಲೆ ಉಸ್ತಾದ್ ನನ್ನ ಕಡೆ ನೋಡಿದರು. ಪ್ಯಾಂಟಿನ ಮೇಲೆ ಬಿಳಿ ಗೆರೆ ಬಿದ್ದಿತ್ತು. "ಜಾ, ಧೋ ಲೇ" ಅಂದರು. ಹೋಗು, ತೊಳ್ಕೊ. ಅಷ್ಟು ಬಿಟ್ಟು ಇನ್ನೊಂದು ಮಾತು ಯಾರೂ ಆಡಲಿಲ್ಲ. ದ್ರಾಸ್ ನದಿಯ ನೀರಿನಲ್ಲಿ ಕೈ ಇಟ್ಟರೆ ಉಗುರು ಕಿತ್ತು ಬರುವ ಹಾಗಿತ್ತು.

ಈಗ ಹೇಳಿ, ಇದರಲ್ಲಿ ಅವಮಾನ ಯಾರಿಗೆ?

ನಮ್ಮ ಮನೆಯಾಕೆಗೂ ಇದನ್ನು ಹೇಳಿರಲಿಲ್ಲ ನಾನು. ಮಗಳಿಗೂ ಇಲ್ಲ. ಬೀದಿಯ ಹುಡುಗಿಗೆ ಹೇಳಿದೆ, ಯಾಕೆ ಅಂದರೆ ಅವಳು ಪೆನ್ನು ಹಿಡಿದುಕೊಂಡು ಬಂದಿರಲಿಲ್ಲ, ಅಣ್ಣನ ಬಗ್ಗೆ ಕೇಳಲು ಬಂದಿದ್ದಳು. ಅವಳು ಕೇಳಿದ ದಿನವೇ ಹೇಳಿಬಿಟ್ಟೆ. ನನಗೇ ಆಶ್ಚರ್ಯ. ಕಥೆ ಬರೆಯಲಾ ಅಂತ ಮೂರು ದಿನ ಬಿಟ್ಟು ಕೇಳಿದಳು. ಬರೆ, ನನ್ನ ಹೆಸರು ಬೇಡ ಅಂದೆ. ಈಗ ನಾನೇ ಬರೆದುಕೊಂಡಿದ್ದೇನೆ. ಅವಳೊಬ್ಬಳೇ ಬೈಸಿಕೊಳ್ಳುವುದು ಸರಿ ಅನ್ನಿಸಲಿಲ್ಲ.

ಇನ್ನೊಂದು ಮಾತು. ನಾನು ಕೆಳಗೆ ತೋಪಿನ ಹತ್ತಿರ ಇದ್ದವನು. ಮೇಲೆ ಹತ್ತಿದವರ ಕಷ್ಟದ ಮುಂದೆ ನನ್ನದು ಲೆಕ್ಕಕ್ಕಿಲ್ಲ. ಅಲ್ಲಿನ ಎಷ್ಟೋ ಶಿಖರಗಳಿಗೆ ಹೆಸರೇ ಇಲ್ಲ, ಮೀಟರಿನ ಲೆಕ್ಕವೇ ಹೆಸರು. ಪಾಯಿಂಟ್ 5140, ಪಾಯಿಂಟ್ 4875. ಐದು ಸಾವಿರ ಮೀಟರ್ ಎತ್ತರದಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ನಮ್ಮೂರಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಹಗಲು ಹತ್ತಿದರೆ ಮೇಲಿನವನಿಗೆ ಕಾಣುತ್ತೀರಿ, ಅದಕ್ಕೆ ರಾತ್ರಿಯೇ ಹತ್ತಬೇಕು, ಬೆನ್ನ ಮೇಲೆ ಮದ್ದುಗುಂಡು, ಅಡಗಲು ಒಂದು ಗಿಡ ಇಲ್ಲ. ತೋಲೋಲಿಂಗ್ ನಮ್ಮ ಕೈಗೆ ಬಂದಿದ್ದು ಜೂನ್ 13ಕ್ಕೆ, ಎಷ್ಟೋ ಸಲ ಹತ್ತಿ ಹಿಂದೆ ಬಂದ ಮೇಲೆ. ಟೈಗರ್ ಹಿಲ್ ಜುಲೈ 4ಕ್ಕೆ. ಟೈಗರ್ ಹಿಲ್‌ಗೆ ಹಗ್ಗ ಹಿಡಿದು ಹತ್ತಿ, ಮೈತುಂಬಾ ಗುಂಡು ತಿಂದು ಬದುಕಿ ಪರಮವೀರ ಚಕ್ರ ಪಡೆದ ಯೋಗೇಂದ್ರ ಸಿಂಗ್ ಯಾದವ್ ಅವರಿಗೆ ಆಗ 19 ವರ್ಷ. ಮನೋಜ್ ಪಾಂಡೆ, ವಿಕ್ರಂ ಬಾತ್ರಾ ಇಬ್ಬರೂ 24ಕ್ಕೆ ಹೋದರು. ಒಟ್ಟು 527 ಜನ. ಫೋಟೋದಲ್ಲಿ ಹಾರ ಹಾಕಿಸಿಕೊಂಡ ಮೇಲೆ ಎಲ್ಲರೂ ದೊಡ್ಡವರ ಹಾಗೆ ಕಾಣುತ್ತಾರೆ. 19 ಅಂದರೆ ನಿಮ್ಮ ಸ್ಪರ್ಧೆಗೆ ಕಥೆ ಬರೆದವರಿಗಿಂತ ಎರಡು ವರ್ಷ ದೊಡ್ಡವನು ಅಷ್ಟೇ ಅಲ್ವಾ?

ಮೇಲೆ ಹೋಗುವ ಮುಂಚೆ ಆ ಹುಡುಗರು ಲಂಗರಿನಲ್ಲಿ, ಅಂದರೆ ನಮ್ಮ ಊಟದ ಜಾಗದಲ್ಲಿ, ಕೂತಿದ್ದು ನೋಡಿದ್ದೇನೆ. ಪೂರಿ ಕೈಯಲ್ಲಿ ಹಿಡಿದುಕೊಂಡು ಸುಮ್ನೆ ಹರಿದು ಹರಿದು ಇಡುತ್ತಿದ್ದ ಒಬ್ಬ. ತಿನ್ನಲಿಲ್ಲ. ಇನ್ನೊಬ್ಬ ಬೂಟಿನ ಲೇಸು ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು. ಇಬ್ಬರು ಚೆನ್ನಾಗಿ ಹೊಟ್ಟೆ ಬಿರಿಯುವ ಹಾಗೆ ನಗುತ್ತಿದ್ದರು, ಯಾವುದೋ ಎಮ್ಮೆಯ ಕಥೆಗೆ. ಯಾರೂ ಘೋಷಣೆ ಕೂಗಲಿಲ್ಲ. ಘೋಷಣೆ ಕೊನೆಗೆ, ಎದುರಿನ ಸಂಗರ್‌ಗೆ ನುಗ್ಗುವಾಗ ಕೂಗುತ್ತಾರೆ. ಅದು ಕೂಡ ಧೈರ್ಯಕ್ಕೇ ಕೂಗುವುದು, ಧೈರ್ಯ ತುಂಬಿ ತುಳುಕುತ್ತಿದೆ ಅಂತ ಕೂಗುವುದಲ್ಲ.

ನಾನು ಸಾಹಿತ್ಯ ಓದಿಕೊಂಡವನಲ್ಲ. ಆದರೆ ರಾತ್ರಿ ಪಾಳಿಯಲ್ಲಿ ಹನ್ನೆರಡು ಗಂಟೆ ಕೂರಬೇಕು, ಮೊಬೈಲಿನಲ್ಲಿ ಸಿಕ್ಕಿದ ಕಥೆಯೆಲ್ಲ ಓದುತ್ತೇನೆ. ಯುದ್ಧದ ಕಥೆ ಅಂದರೆ ಬಿಡುವುದೇ ಇಲ್ಲ. ಓದಿ ಓದಿ ನಗುವುದು ಜಾಸ್ತಿ. ನಮ್ಮ ಕಥೆಗಳಲ್ಲಿ ಗುಂಡು ಬಿದ್ದ ಸೈನಿಕ ಒಂದು ಪುಟ ಮಾತಾಡುತ್ತಾನೆ, ಪೂರ್ತಿ ಗ್ರಾಂಥಿಕ ಭಾಷೆಯಲ್ಲಿ. ಜೇಬಿನಲ್ಲಿ ರಕ್ತ ಮೆತ್ತಿದ ಕಾಗದ ಇರಲೇಬೇಕು. ಎಲ್ಲರ ಕೈಯಲ್ಲೂ ಎಕೆ 47, ಎದುರಿನವನು ಯಾವಾಗಲೂ ದಡ್ಡ, ಅವನ ಗುಂಡು ಮಾತ್ರ ಯಾವತ್ತೂ ತಾಗುವುದಿಲ್ಲ. ಯಾರಿಗೂ ಭೇದಿ ಆಗುವುದಿಲ್ಲ. ಯಾರಿಗೂ ಬೇಜಾರೇ ಆಗುವುದಿಲ್ಲ. ಯುದ್ಧದಲ್ಲಿ ಹೆಚ್ಚಿನ ಹೊತ್ತು ಕಾಯುವುದೇ ಕೆಲಸ ಸರ್. ಆಲೂಗಡ್ಡೆ ಸುಲಿಯುವುದು, ನೀರು ಹೊರುವುದು, ಸ್ಟೋವ್ ಮುಂದೆ ಕಾಲ್ಚೀಲ ಒಣಗಿಸುವುದು, ಯಾರದ್ದೋ ಹೆಂಡತಿಯ ಕಾಗದವನ್ನು ಎಲ್ಲರೂ ಸೇರಿ ಓದುವುದು. ನಾನು ಮನೆಗೆ ಬರೆದ ಇನ್‌ಲ್ಯಾಂಡ್ ಲೆಟರ್ ಒಂದು ಈಗಲೂ ಅವ್ವನ ಟ್ರಂಕಿನಲ್ಲಿದೆ. ಜೂನ್ ತಿಂಗಳದ್ದೇ. "ನಾನು ಕ್ಷೇಮ. ಇಲ್ಲಿ ಚಳಿ ಜಾಸ್ತಿ. ಕೆಂದ ಹಸು ಕರು ಹಾಕಿತಾ, ಹೋರಿಯಾ ಹೆಣ್ಣಾ ಬರೆಯಿರಿ" ಅಂತ ಇದೆ. ಇಷ್ಟೇ ಇದೆ. ಇದನ್ನು ಕಥೆಯಲ್ಲಿ ಹಾಕಿದರೆ ನೀವು ದೇಶಪ್ರೇಮ ಸಾಲದು ಅಂತ ಕೆಂಪು ಗೀಟು ಹಾಕುತ್ತೀರಿ.

ಸಿಯಾಚಿನ್ ಕಥೆಗಳಲ್ಲೂ ಹುಡುಗರು ಗುಂಡಿಗೇ ಸಾಯುತ್ತಾರೆ. ಅಲ್ಲಿ ಗುಂಡಿಗಿಂತ ಹಿಮವೇ, ಹವೆಯೇ ಜಾಸ್ತಿ ಜನರನ್ನು ತಿಂದಿದ್ದು. ನಮ್ಮ ಕುಂದಗೋಳ ತಾಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರನ್ನು ಮರೆತಿಲ್ಲ ತಾನೆ? 2016ರ ಫೆಬ್ರವರಿ 3ರಂದು ಹಿಮ ಕುಸಿದು, 19,600 ಅಡಿ ಎತ್ತರದಲ್ಲಿ ಆರು ದಿನ ಹಿಮದಡಿ ಇದ್ದು, ಜೀವಂತ ಸಿಕ್ಕಿ, 11ಕ್ಕೆ ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ವಾರ ಇಡೀ ಕರ್ನಾಟಕ ಟಿವಿ ಮುಂದೆ ಕೂತಿತ್ತು. ಅಲ್ಲಿ ವೈರಿ ಯಾರು? ಒಬ್ಬನೂ ಇಲ್ಲ. ಆದರೂ ಅದು ಯುದ್ಧಭೂಮಿಯೇ.

ಟಿವಿ ಅಂದಾಗ ನೆನಪಾಯಿತು. ಹುತಾತ್ಮನ ತಾಯಿ ಮೈಕಿನ ಮುಂದೆ "ಇನ್ನೊಬ್ಬ ಮಗನಿದ್ದರೆ ಅವನನ್ನೂ ಕಳಿಸುತ್ತಿದ್ದೆ" ಅನ್ನುವುದು ನಮ್ಮ ಎಲ್ಲ ಕಥೆಗಳಲ್ಲೂ ಇದೆ. ಹಾಗೆ ಹೇಳಿದ ತಾಯಂದಿರು ಇದ್ದಾರೆ, ಅವರಿಗೆ ಕೈ ಮುಗಿಯುತ್ತೇನೆ. ನಾನು ಒಂದು ಮನೆಗೆ ಯೂನಿಫಾರಂ ಹಾಕಿಕೊಂಡು, ಟ್ರಂಕ್ ಹೊತ್ತುಕೊಂಡು ಹೋಗಿದ್ದೆ. ಆ ತಾಯಿ ಟ್ರಂಕ್ ತೆಗೆದು ಎಲ್ಲ ಬಟ್ಟೆ ಹೊರಗಿಟ್ಟು, ಒಂದೊಂದೇ ಮೂಸಿ ನೋಡಿದಳು. ಎಲ್ಲವನ್ನೂ ದೋಬಿಗೆ ಹಾಕಿಸಿ, ಇಸ್ತ್ರಿ ಮಾಡಿಸಿ ಕಳಿಸಿದ್ದರು. ಒಳ್ಳೇ ಮನಸ್ಸಿನಿಂದಲೇ. "ಇದರಲ್ಲಿ ಅವನ ವಾಸನೆನೇ ಇಲ್ಲಲ್ಲಪ್ಪ" ಅಂದಳು. ನನ್ನ ಹತ್ತಿರ ಏನು ಉತ್ತರ ಇರುತ್ತೆ? ನಿಮ್ಮ ಸ್ಪರ್ಧೆಯಲ್ಲಿ ಬಹುಮಾನ ಬಂದ ಕಥೆ ಓದಿದೆ. ಅದೂ ಹಾಗೇ ಇದೆ, ಚೆನ್ನಾಗಿ ಇಸ್ತ್ರಿ ಮಾಡಿದ್ದಾರೆ.

ನಮ್ಮ ಹಿರಿಯರೂ ಹೀಗೇ ಬರೆದಿದ್ದಾರಲ್ಲ ಅಂತ ನೀವು ಕೇಳಬಹುದು. ಹೌದು. ನಮ್ಮೂರ ಗುಡಿಯ ಹಿಂದೆ ಒಂದು ವೀರಗಲ್ಲು ಇದೆ, ನಮ್ಮ ಎರಡೂ ಜಿಲ್ಲೆಯಲ್ಲಿ ಇಂಥವು ಬೇಕಾದಷ್ಟಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವಿನದರಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲೆ ಕೈಲಾಸ, ಲಿಂಗದ ಮುಂದೆ ಅವನು ಕೂತಿದ್ದಾನೆ. ಗೆದ್ದರೆ ಸಿರಿ, ಸತ್ತರೆ ಸುರಾಂಗನೆ, ಕ್ಷಣದಲ್ಲಿ ಹೋಗುವ ದೇಹಕ್ಕೆ ರಣದಲ್ಲಿ ಸಾಯುವ ಚಿಂತೆ ಯಾಕೆ ಅನ್ನುವ ಶ್ಲೋಕವನ್ನು ಎಷ್ಟೋ ವೀರಗಲ್ಲುಗಳ ಮೇಲೆ ಕೆತ್ತಿದ್ದಾರೆ. ಸರಿ. ಆದರೆ ಅದೇ ಶಾಸನಗಳಲ್ಲಿ ಸತ್ತವನ ಮನೆಯವರಿಗೆ ನೆತ್ತರುಗೊಡಗೆ ಅಂತ ಭೂಮಿ ಬಿಟ್ಟಿದ್ದನ್ನೂ ಬರೆದಿದ್ದಾರೆ. ದನ ಹೊಡೆದುಕೊಂಡು ಹೋದವರ ಬೆನ್ನಟ್ಟಿ ಸತ್ತ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಅಪ್ಸರೆಯ ಜೊತೆ ಹೊಲದ ಲೆಕ್ಕವನ್ನೂ ಇಟ್ಟವರು ಅವರು. ಮತ್ತೆ, ಕೆಳಗಿನ ಪಟ್ಟಿಕೆಗೂ ನಡುವಿನ ಪಟ್ಟಿಕೆಗೂ ಮಧ್ಯೆ ಒಂದು ಬೆರಳಷ್ಟು ಖಾಲಿ ಕಲ್ಲು ಇರುತ್ತದೆ. ಬಾಣ ತಾಗಿದ್ದಕ್ಕೂ ಅಪ್ಸರೆ ಬಂದಿದ್ದಕ್ಕೂ ನಡುವಿನ ಹೊತ್ತು ಅದು. ಕೆತ್ತುವವನಿಗೆ ಅಲ್ಲಿ ಜಾಗ ಇರಲಿಲ್ಲ. ಕಥೆ ಬರೆಯುವವರಿಗೆ ಒಂಬತ್ತು ಹಾಳೆ ಇದೆ.

ಓಬವ್ವನನ್ನೇ ತೆಗೆದುಕೊಳ್ಳಿ. ಚಿತ್ರದುರ್ಗದವರಿಗೆ ಆಕೆ ಮನೆ ಮಗಳು, ಸ್ಟೇಡಿಯಂಗೂ ಆಕೆಯದ್ದೇ ಹೆಸರು. ಗಂಡ ಊಟಕ್ಕೆ ಬಂದ, ಈಕೆ ನೀರಿಗೆ ಹೋದಳು, ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ನುಸುಳುವುದು ಕಂಡಿತು, ಒನಕೆ ಹಿಡಿದು ನಿಂತಳು. ಚಿಕ್ಕಂದಿನಿಂದ ಕೇಳಿದ್ದೇವೆ. ಆ ಕಿಂಡಿಯ ಹತ್ತಿರ ಹೋದಾಗಲೆಲ್ಲ ನನಗೆ ಬರುವ ಯೋಚನೆ ಬೇರೆ. ಒಂದು ತಲೆ ಒಡೆದ ಮೇಲೆ ಆ ದೇಹವನ್ನು ಎಳೆದು ಪಕ್ಕಕ್ಕೆ ಹಾಕಬೇಕು, ಇಲ್ಲದಿದ್ದರೆ ಮುಂದಿನವನು ತಲೆ ಹಾಕುವುದಿಲ್ಲ. ಸದ್ದಾಗಬಾರದು. ಕೈ ನಡುಗಿರುವುದಿಲ್ಲವಾ? ಬಾಯಿ ಒಣಗಿರುವುದಿಲ್ಲವಾ? ಅಷ್ಟು ಹೊತ್ತಿಗೆ ಕೊಡ ಎಲ್ಲಿ ಉರುಳಿತ್ತೋ. ಹೆದರಿಕೆಯೇ ಇಲ್ಲದ ಹೆಂಗಸು ಅಂದರೆ ಆಕೆಗೆ ಏನು ದೊಡ್ಡಸ್ತಿಕೆ ಬಂತು? ನಡುಗುವ ಕೈಯಲ್ಲಿ ಒನಕೆ ಎತ್ತಿದಳು ಅಂದರೆ ನನಗೆ ಇನ್ನೂ ನಾಲ್ಕು ಸಲ ಕೈ ಮುಗಿಯಬೇಕು ಅನ್ನಿಸುತ್ತದೆ.

ನಮ್ಮ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ. ತಂದೆ ತಾಯಿಯ ಮಾತು ಕೇಳಿ, ಪ್ರಾಣಿಗಳ ಮೇಲೆ ದಯೆ ಇರಲಿ, ಸತ್ಯ ಹೇಳಿ ಅಂತ ಅದರಲ್ಲಿದೆ. ಅದೇ ರಾಜ ಬೇರೆ ಕಡೆಯ ಬಂಡೆಗಳ ಮೇಲೆ ಕಳಿಂಗ ಯುದ್ಧದ ಲೆಕ್ಕ ಕೆತ್ತಿಸಿದ. ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಹಿಡಿದು ಒಯ್ದರು, ನನಗೆ ದುಃಖವಾಗಿದೆ ಅಂತ. ಗೆದ್ದ ರಾಜ ಸರ್ ಅವನು. ಅವನೇ ಬಂಡೆ ಮೇಲೆ ಹೇಳಿಕೊಂಡ. ಹೊಳಲ್ಕೆರೆಯ ಹುಡುಗ ಕಾಗದದ ಮೇಲೆ ಹೇಳಿಕೊಳ್ಳಬಾರದಾ?

ಇನ್ನೊಂದನ್ನು ನನ್ನ ಮಗಳು ಹೇಳಿದ್ದು, ಇತಿಹಾಸ ಓದುತ್ತಿದ್ದಾಳೆ. ಮೊದಲ ಮಹಾಯುದ್ಧಕ್ಕೆ ಹದಿನೆಂಟು ವರ್ಷಕ್ಕೇ ಹೋಗಬೇಕಾಗಿ ಬಂದ ಜರ್ಮನಿಯ ಹುಡುಗನೊಬ್ಬ ಆಮೇಲೆ ಟ್ರೆಂಚಿನಲ್ಲಿ ಹುಡುಗರು ಹೇಗಿದ್ದರು ಅಂತ ಕಾದಂಬರಿ ಬರೆದನಂತೆ. 1933ರ ಮೇ 10ರಂದು ಬರ್ಲಿನ್‌ನಲ್ಲಿ ಅದನ್ನು ಬೆಂಕಿಗೆ ಹಾಕಿದರು. ಯುದ್ಧದ ಸೈನಿಕರಿಗೆ ಮಾಡಿದ ಸಾಹಿತ್ಯಿಕ ದ್ರೋಹ ಅಂತ ಕೂಗಿ ಹಾಕಿದರು. ಬರೆದವನು ಸೈನಿಕ, ಸುಡಲು ನಿಂತವರಲ್ಲಿ ಹೆಚ್ಚಿನವರು ಕಾಲೇಜು ಹುಡುಗರು. ನೀವು ಅಂಥವರು ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ನಿಮ್ಮಲ್ಲಿ ಒಬ್ಬರು ಒಳ್ಳೆಯ ಮೇಷ್ಟ್ರು ಅಂತ ಕೇಳಿದ್ದೇನೆ. ಆದರೆ "ಸೇನೆಗೆ ಅವಮಾನ" ಅಂತ ಬರೆಯುವ ಮುಂಚೆ ಸೇನೆಯಲ್ಲಿ ಇದ್ದವರನ್ನು ಒಬ್ಬರನ್ನಾದರೂ ಕೇಳಬಹುದಿತ್ತು. ದಾವಣಗೆರೆಯಲ್ಲಿ ಮಾಜಿ ಸೈನಿಕರಿಗೆ ಬರವಿಲ್ಲ. ಯಾವ ಬ್ಯಾಂಕಿನ ಬಾಗಿಲಿಗೆ ಹೋದರೂ ಒಬ್ಬರು ಸಿಗುತ್ತಾರೆ.

ಯಾಕೆ ಇಷ್ಟು ಉದ್ದ ಬರೆಯುತ್ತಿದ್ದೇನೆ ಅಂದರೆ ಕುಂದವಾಡ ಕೆರೆಯ ಹುಡುಗರಿಗೋಸ್ಕರ. ಪಾಳಿ ಮುಗಿಸಿ ಆ ಕಡೆ ಬಂದರೆ ಬೆಳಗಿನ ಜಾವಕ್ಕೇ ಓಡುತ್ತಿರುತ್ತಾರೆ. ಅಗ್ನಿವೀರ ಭರ್ತಿಗೆ 1600 ಮೀಟರು, ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ತಿ 60 ಅಂಕ. ಹತ್ತು ಪುಲ್‌ಅಪ್‌ಗೆ 40. ನಾನು ನಿಂತು ನೋಡುತ್ತೇನೆ, ಕೆಲವರಿಗೆ ಕೈ ಹೇಗೆ ಬೀಸಬೇಕು ಅಂತ ಹೇಳಿಕೊಡುತ್ತೇನೆ. ಹದಿನೇಳು ಹದಿನೆಂಟರಿಂದ ಇಪ್ಪತ್ತರ ಆಸುಪಾಸಿನವರು. ನಾಲ್ಕು ವರ್ಷದ ನೌಕರಿ, ಆಮೇಲೆ ನೂರಕ್ಕೆ ಹೆಚ್ಚೆಂದರೆ ಇಪ್ಪತ್ತೈದು ಜನರನ್ನು ಉಳಿಸಿಕೊಳ್ಳುತ್ತಾರೆ ಅಂತ 2022ರಲ್ಲಿ ಯೋಜನೆ ಬಂದಾಗ ಹೇಳಿದ್ದರು. ಅದು ಸರಿಯೋ ತಪ್ಪೋ ಇಲ್ಲಿ ಬೇಡ, ಅದಕ್ಕೆ ಇನ್ನೊಂದು ಪತ್ರ ಬೇಕು. ಆ ಹುಡುಗರು ನೀವು ಬಹುಮಾನ ಕೊಡುವಂಥ ಕಥೆಗಳನ್ನೇ ಓದಿ ಬೆಳೆದಿರುತ್ತಾರೆ. ಸೈನಿಕ ಹೆದರುವುದಿಲ್ಲ ಅಂತ ನಂಬಿಕೊಂಡು ಹೋಗುತ್ತಾರೆ. ಮೊದಲ ಶೆಲ್ಲು ಬಿದ್ದಾಗ ಮೈ ತನ್ನ ಕೆಲಸ ತಾನು ಮಾಡಿಬಿಡುತ್ತದೆ. ಅದಕ್ಕೂ ಧೈರ್ಯಕ್ಕೂ ಸಂಬಂಧ ಇಲ್ಲ ಅಂತ ನನಗೆ ಒಬ್ಬ ಆರ್ಮಿ ಡಾಕ್ಟರ್ ಹೇಳಿದ್ದು ಎಷ್ಟೋ ವರ್ಷ ಆದ ಮೇಲೆ. ಅಲ್ಲಿಯವರೆಗೂ ನಾನು ಏನು ತಿಳಿದಿದ್ದೆ ಗೊತ್ತಾ? ಇಡೀ ಭಾರತೀಯ ಸೇನೆಯಲ್ಲಿ ಹೇಡಿ ನಾನೊಬ್ಬನೇ ಅಂತ. ಮೆಡಲ್ ಹಾಕಿಕೊಂಡು ಪೆರೇಡಿನಲ್ಲಿ ನಿಂತಾಗಲೂ ಅದೇ. ಊರಿನ ಶಾಲೆಯಲ್ಲಿ ಆಗಸ್ಟ್ 15ಕ್ಕೆ ಕರೆದು ಶಾಲು ಹೊದಿಸಿದಾಗಲೂ ಅದೇ. ಮದುವೆಯಾದ ಹೊಸದರಲ್ಲಿ ರಾತ್ರಿ ಎದ್ದು ಕೂತು ಪ್ಯಾಂಟು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಆರಾ ಹುಡುಗ ರಿಟೈರ್ ಆದ ಮೇಲೆ ಒಂದು ದಿನ ಫೋನಿನಲ್ಲಿ ನಗುತ್ತಾ ಹೇಳಿದ, ಆ ರಾತ್ರಿ ಅವನದ್ದೂ ಒದ್ದೆಯಾಗಿತ್ತಂತೆ. ಕತ್ತಲೆಯಲ್ಲಿ ನನಗೆ ಕಂಡಿರಲಿಲ್ಲ. ಬೆಳಿಗ್ಗೆ ನನಗಿಂತ ಮುಂಚೆ ಎದ್ದು ತೊಳೆದುಕೊಂಡಿದ್ದ ಕಳ್ಳ.

ಇಷ್ಟನ್ನು ಒಂದು ಕಥೆಯಲ್ಲಿ ನಾನು ಹದಿನೆಂಟನೇ ವಯಸ್ಸಿನಲ್ಲಿ ಓದಿದ್ದರೆ ಹದಿನೇಳು ವರ್ಷದ ಸಂಕಟ ತಪ್ಪುತ್ತಿತ್ತು.

ಆ ಹುಡುಗಿಯ ಕಥೆ ಬಹಳ ಚೆನ್ನಾಗಿದೆ ಅಂತ ನಾನು ವಾದ ಮಾಡುತ್ತಿಲ್ಲ. ತಪ್ಪುಗಳಿವೆ. ಶೆಲ್ ಬೀಳುತ್ತಿರುವಾಗಲೇ ಹುಡುಗರಿಬ್ಬರು ಉದ್ದುದ್ದ ಮಾತಾಡುತ್ತಾರೆ, ಅದು ಆಗುವುದಿಲ್ಲ, ನಿಮ್ಮ ದನಿ ನಿಮಗೇ ಕೇಳಿಸುವುದಿಲ್ಲ. ಮೋಡ ಕವಿದ ರಾತ್ರಿಯಲ್ಲಿ ಚಂದ್ರನ ಬೆಳಕು ಹಾಕಿದ್ದಾಳೆ. ಬಿಹಾರದ ಹುಡುಗನ ಹಿಂದಿ ಬೆಂಗಳೂರು ಹಿಂದಿ. ಇದನ್ನೆಲ್ಲ ಗುರುತು ಹಾಕಿ ನಂಬರ್ ಕಮ್ಮಿ ಮಾಡಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ನೀವು ಗೀಟು ಹಾಕಿದ್ದು ಮೂರು ಕಡೆ. ಮೂರೂ ನಿಜವಾದ ಕಡೆಯೇ.

ಬಹುಮಾನ ಕೊಡಿ ಅಂತ ಕೇಳುತ್ತಿಲ್ಲ. ಕೊಟ್ಟ ಬಹುಮಾನ ವಾಪಸ್ ಪಡೆಯಿರಿ ಅಂತಂತೂ ಇಲ್ಲವೇ ಇಲ್ಲ, ಆ ಮಗುವೂ ಕಷ್ಟಪಟ್ಟು ಬರೆದಿದೆ. "ಸೇನೆಗೆ ಅವಮಾನ" ಅನ್ನುವ ಒಂದು ಸಾಲನ್ನು ನೀವೇ ಹೊಡೆದುಹಾಕಿ, ಕೆಳಗೆ ಸಹಿ ಮಾಡಿ ಅವಳಿಗೆ ಕೊಡಿ. ಅವಳು ಅದನ್ನು ಅಣ್ಣನಿಗೆ ಕಳಿಸಬೇಕು ಅಂತಿದ್ದಾಳೆ. ಈಗಿನ ಕೆಂಪು ಶಾಯಿಯ ಜೊತೆ ಕಳಿಸಲು ಅವಳಿಗೆ ಧೈರ್ಯ ಇಲ್ಲ, ಅಣ್ಣ ಅದನ್ನು ಓದಿದರೆ ಇನ್ನು ಮುಂದೆ ಆರಾಮ ಅನ್ನುವುದು ಬಿಟ್ಟು ಬೇರೆ ಏನೂ ಹೇಳುವುದಿಲ್ಲ ಅಂತ ಅವಳ ಭಯ. ಮುಂದಿನ ವರ್ಷದ ಸ್ಪರ್ಧೆಯ ನಿಯಮದಲ್ಲಿ "ಶೌರ್ಯವನ್ನು ಬಿಂಬಿಸುವಂತಿರಬೇಕು" ಅಂತ ಇರುವ ಕಡೆ ಏನು ಮಾಡಬೇಕೋ ನೀವೇ ಯೋಚನೆ ಮಾಡಿ.

ಕಥೆಯ ಜೆರಾಕ್ಸ್ ಇಪ್ಪತ್ತು ಕಾಪಿ ಮಾಡಿಸಿ ಇಟ್ಟಿದ್ದೇನೆ. ಕೆರೆ ಏರಿಯ ಹುಡುಗರಲ್ಲಿ ಆರು ಜನ ಈಗಾಗಲೇ ಒಯ್ದಿದ್ದಾರೆ. ನಿಮಗೆ ಮಾತಾಡಬೇಕು ಅನ್ನಿಸಿದರೆ ಭಾನುವಾರ ಬೆಳಿಗ್ಗೆ ಮನೆಯಲ್ಲೇ ಇರುತ್ತೇನೆ, ಆ ಹುಡುಗಿಯನ್ನು ಕೇಳಿದರೆ ದಾರಿ ಹೇಳುತ್ತಾಳೆ. ಮಂಡಕ್ಕಿ ಮೆಣಸಿನಕಾಯಿ ತರಿಸುತ್ತೇನೆ. ಬಂದರೆ ನನ್ನ ಎಡಗಡೆ ಕೂತುಕೊಳ್ಳಿ. ಬಲಗಿವಿ ಕೇಳಿಸುವುದಿಲ್ಲ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಹವಾಲ್ದಾರ್, ದಾವಣಗೆರೆ